ಹನುಮೇಶನ ಕಾವಲು

ಸೋಮವಾರ ಮುಂಜಾನೆ ಹಾವೇರಿಯ ಆಸ್ಪತ್ರೆಯಿಂದ ಫೋನ್ ಬಂದಾಗ ಫಿರೋಜ್ ರಾಣೆಬೆನ್ನೂರಿನ ತನ್ನ ಮಹಡಿಯ ಕೋಣೆಯ ಬೀಗ ತೆಗೆಯುತ್ತಿದ್ದ. ತನ್ನ ಊರಿನಿಂದ ಬೈಕಿನಲ್ಲಿ ಬ್ಯಾಡಗಿಗೆ ಹೊರಟಿದ್ದ ಗೆಳೆಯ ಹನುಮೇಶನಿಗೆ ಮೋಟೆಬೆನ್ನೂರಿನ ಹತ್ತಿರ ಲಾರಿ ಬಡಿದಿತ್ತು. ಜೀವ ಉಳಿದಿರಲಿಲ್ಲ. ಫಿರೋಜ್ ಬೀಗವನ್ನು ಮತ್ತೆ ಹಾಕಿ ಹಾವೇರಿಗೆ ಹೊರಟ.

ಕಾಲೇಜಿನ ಗೆಳೆಯರಿಬ್ಬರೂ ಕೂಡಿ ಹಿಂದಿನ ವರ್ಷ, ಎರಡು ಸಾವಿರದ ಏಳರಲ್ಲಿ, ಆ ಕೋಣೆಯಲ್ಲಿ ಕಂಪನಿ ತೆರೆದಿದ್ದರು. ಅವರು ಕಟ್ಟಿದ ಪ್ರೋಗ್ರಾಮಿಗೆ ಹನುಮೇಶ ಇಟ್ಟ ಹೆಸರು ಕಾವಲುಗಾರ. ಕಂಪ್ಯೂಟರು ದಿನನಿತ್ಯ ಹೇಗೆ ನಡೆಯುತ್ತದೆಂಬುದನ್ನು ಅದು ನೋಡಿ ನೋಡಿ ತಾನೇ ಕಲಿಯುತ್ತಿತ್ತು. ನಡೆ ತಪ್ಪಿದರೆ ಗಂಟೆ ಬಾರಿಸುತ್ತಿತ್ತು. ಅದನ್ನು ನಂಬಿ ಹಾಕಿಸಿಕೊಂಡವರು ಬ್ಯಾಡಗಿಯ ಮೆಣಸಿನಕಾಯಿ ದಲಾಲರಾದ ಪರಮೇಶಪ್ಪನವರೊಬ್ಬರೇ.

ಹನುಮೇಶನನ್ನು ಮಣ್ಣು ಮಾಡಿದ ಮೇಲೆ ಪರಮೇಶಪ್ಪನವರ ಅಂಗಡಿಯಲ್ಲಿ ಪೇಟೆಯ ದಿನ ಬಂದಾಗಲೆಲ್ಲ ಕಾವಲುಗಾರ ಗಂಟೆ ಬಾರಿಸತೊಡಗಿತು.

“ಏನೋ ಫಿರೋಜ್, ನಿಮ್ಮ ಕಾವಲುಗಾರಗ ದೆವ್ವ ಬಡದೈತೇನು? ಕಂಪ್ಯೂಟರ್ ನೆಟ್ಟಗ ಐತಿ, ಇದ ಬಾಯಿ ಬಡಕೊಳ್ಳಾಕತ್ತೈತಿ. ಸತ್ತವರ ಬಗ್ಗೆ ಅನಬಾರದು ಖರೇ, ಆದ್ರ ಹನುಮೇಶ ಅರ್ಧಮರ್ಧ ಕೆಲಸ ಮಾಡಿ ಹೋಗ್ಯಾನ. ಸೋಮವಾರದೊಳಗ ತಗದು ಒಯ್ಯಿ,” ಎಂದು ಪರಮೇಶಪ್ಪನವರು ಫೋನಿನಲ್ಲಿ ಸಿಡುಕಿದರು.

“ಒಂದ್ಸಲ ನೋಡಾಕ ಬಿಡ್ರಿ ಕಾಕಾ,” ಎಂದ ಫಿರೋಜ್. ಇದ್ದೊಬ್ಬ ಗಿರಾಕಿ ಕೈಬಿಡುವುದಕ್ಕಿಂತ, ಗೆಳೆಯನ ಕೆಲಸ ಸುಳ್ಳೆನಿಸಿಕೊಳ್ಳುವುದೇ ಅವನಿಗೆ ಹೆಚ್ಚು ಚುಚ್ಚಿತು.

ಭಾನುವಾರ ಅಂಗಡಿಗೆ ಹೋಗಿ, ಮೆಣಸಿನ ಘಾಟಿಗೆ ಸೀನುತ್ತಲೇ ಕಾವಲುಗಾರ ಕಲಿತದ್ದನ್ನೆಲ್ಲ ತೆಗೆದು ನೋಡಿದ. ಅಪಘಾತದ ಹಿಂದಿನವರೆಗೂ ಪ್ರತಿ ಪೇಟೆಯ ದಿನ ಬೆಳಿಗ್ಗೆ, ಖರೀದಿದಾರರು ದರ ಹಾಕುವ ಟೆಂಡರಿಗೆ ಮುಂಚೆ, ಕಂಪ್ಯೂಟರಿನಲ್ಲಿ ತುಂಬಿದ ಹಳೆಯ ಬಿಲ್ಲುಗಳನ್ನೆಲ್ಲ ಯಾರೋ ಸಿಡಿಗೆ ಇಳಿಸಿ, ಜಾಗ ಖಾಲಿ ಮಾಡುತ್ತಿದ್ದರು.

“ಕಾಕಾ, ಆ ಹೊತ್ತಿನ್ಯಾಗ ಇಲ್ಲಿ ಯಾರು ಕುಂದರ್ತಿದ್ರು?”

“ಮತ್ಯಾರು, ನಿನ್ನ ಗೆಳೆಯ. ನಮ್ಮನಿ ಚಾ ರುಚಿ ಹತ್ತೈತಿ, ಅದಕ್ಕ ಬರ್ತಾನಂತ ನಾ ಚಾಷ್ಟಿ ಮಾಡ್ತಿದ್ದೆ.”

ಹನುಮೇಶ ಆ ಕೆಲಸದ ಸಂಗತಿ ಯಾರಿಗೂ ಹೇಳಿರಲಿಲ್ಲ. ಅವನ ಕೈಯ ದುಡಿಮೆಯನ್ನೇ ಕಾವಲುಗಾರ ಕಂಪ್ಯೂಟರಿನ ನಡೆಯೆಂದು ಕಲಿತಿತ್ತು. ಆ ಕೈ ನಿಂತಿತು, ನಡೆ ತಪ್ಪಿತೆಂದು ಕಾವಲುಗಾರ ಗಂಟೆ ಬಾರಿಸಿತು. ಫಿರೋಜ್ ಡಿಸ್ಕ್ ನೋಡಿದ. ತುಂಬಿ ಬಾಯಿಗೆ ಬಂದಿತ್ತು. ಮರುದಿನ ಪೇಟೆ ಭರದಲ್ಲಿರುವಾಗ ಕಂಪ್ಯೂಟರು ನಿಂತೇ ಹೋಗುತ್ತಿತ್ತು. ಅವನು ಗೆಳೆಯನ ಕುರ್ಚಿಯಲ್ಲಿ ಕುಳಿತು, ಬಿಲ್ಲುಗಳನ್ನು ಒಂದೊಂದಾಗಿ ಇಳಿಸಿದ. ಕಣ್ಣು ಒದ್ದೆಯಾದಾಗ ಮೆಣಸಿನ ಘಾಟೆಂದು ಹೇಳಿದ. ಪರಮೇಶಪ್ಪನವರು ಹೌದೆಂದರು.

ಸೋಮವಾರ ಟೆಂಡರಿಗೆ ಮುಂಚೆ ಮತ್ತೆ ಬಂದು, ಹನುಮೇಶನ ಹಾಗೆಯೇ ಉಳಿದ ಬಿಲ್ಲುಗಳನ್ನು ಇಳಿಸಿದ. ಪೇಟೆ ಸುಸೂತ್ರವಾಗಿ ನಡೆಯಿತು, ಕಾವಲುಗಾರ ಗಂಟೆ ಬಾರಿಸಲಿಲ್ಲ. “ನಾ ಅಂದಿದ್ದು ತಪ್ಪಾತೋ ತಮ್ಮಾ,” ಎಂದರು ಪರಮೇಶಪ್ಪನವರು. “ಕಾವಲುಗಾರ ಇಲ್ಲೇ ಇರಲಿ.”

ಸಂಜೆ ಫಿರೋಜ್ ಹನುಮೇಶನ ಊರು ಹೊಸರಿತ್ತಿಗೆ ಹೋಗಿ, ಅವನ ತಾಯಿ ಮೈಲವ್ವನ ಮುಂದೆ ಎಲ್ಲವನ್ನೂ ಹೇಳಿದ.

“ಹಂಗಂದ್ರ ನನ್ನ ಮಗ ಮಾಡಿದ್ದು ಸುಳ್ಳಲ್ಲ?”

“ಅಲ್ಲಬೇ ಅವ್ವಾ. ಅದು ಖರೇನ ಹೇಳಾಕತ್ತಿತ್ತು. ನಮಗ ತಿಳೀಲಿಲ್ಲ.”

ಮೈಲವ್ವ ಸೆರಗು ಹೊದ್ದು, ಮನೆಯೊಳಗಿನ ದೇವರ ಜಗಲಿಗೆ ಕೈಮುಗಿದಳು. ಫಿರೋಜನೂ ಪಕ್ಕದಲ್ಲಿ ಎರಡೂ ಅಂಗೈ ತೆರೆದು ನಿಂತ.

“ಮೈಲಾರಲಿಂಗಾ, ಹೇಳದ ಕೇಳದ ದುಡಿದ ಕೂಸು. ದಣದು ಬಂದೈತಿ. ನಿನ್ನ ಪಾದದ ನೆರಳಾಗ ಮಲಗಿಸಿಕೋ ತಂದೆ, ಅದರ ಜೀವಕ್ಕ ಶಾಂತಿ ಕೊಡು.”