ಫ್ರೆಂಚ್ ಅಧಿಕಾರಿಯ ಕಾಲುಗಳು

ಹಳೇ ಕಲಾವಸ್ತುಗಳ ಅಂಗಡಿಯಲ್ಲಿ ವ್ಯಾನ್ ಓಡಿಸುವುದು ನನ್ನ ಕೆಲಸ. ಶುಕ್ರವಾರದ ಬಿಸಿಲಿಗೆ ವ್ಯಾನಿನೊಳಗೆ ಬಿಟ್ಟರೆ ಬಣ್ಣ ಕೆಟ್ಟೀತು ಎಂದು ಅಂಗಡಿಯ ಒಂದು ಹಳೇ ಪಟವನ್ನು ಕತಾರಿನ ಬಿನ್ ಮಹಮೂದ್ ಬಡಾವಣೆಯ ನಮ್ಮ ಮನೆಗೆ ಹೊತ್ತು ತಂದವನು ನಾನೇ. ಫ್ರಾನ್ಸಿನ ಯಾವುದೋ ರಾಜನ ಸೈನ್ಯಾಧಿಕಾರಿಯ ಚಿತ್ರ. ನೀಲಿ ಕೋಟು, ಬಿಳಿ ವಿಗ್, ಊರೆಲ್ಲ ತನ್ನದೇ ಎಂಬಂಥ ಮುಖ. ಸೊಂಟದವರೆಗೆ ಮಾತ್ರ ಬರೆದಿದ್ದರು. ನಾನು ಜುಮಾ ನಮಾಜಿಗೆ ಮಸೀದಿಗೆ ಹೋದೆ. ಮುಖವಿರುವ ಚಿತ್ರದೆದುರು ನಮಾಜು ಮಾಡುವುದು ಹೇಗೆಂದು ಹೆಂಡತಿ ಝೊಹರಾ ಅದನ್ನು ಗೋಡೆಗೆ ಮುಖಮಾಡಿ ತಿರುಗಿಸಿಟ್ಟಳು.

ಬಂದು ನೋಡಿದರೆ ಪಟದ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಎರಡು ಕಾಲು.

“ಅವರಿಗೆ ಕಾಲೇ ಇರ್ಲಿಲ್ಲ ಉಪ್ಪಾ,” ಎಂದಳು ಮಗಳು ಹಸ್ನಾ.

ನಮ್ಮ ವ್ಯಾಪಾರದಲ್ಲಿ ಪಟ ಅಸಲಿಯೋ ಎಂದು ತಿಳಿಯಲು ಗಿರಾಕಿ ಮೊದಲು ನೋಡುವುದು ಅದರ ಬೆನ್ನನ್ನೇ. ಅಧಿಕಾರಿಯ ಹೆಸರು ಮಾಸಿದ ಶಾಯಿಯಲ್ಲಿ ಅಲ್ಲೇ ಇತ್ತು, ಕಾಲುಗಳು ಅದಕ್ಕೆ ತಾಗಿಕೊಂಡೇ ಇಳಿದಿದ್ದವು. ರಬ್ಬರು ಹಿಡಿದೆ. ಉಜ್ಜಿದರೆ ಹೆಸರೂ ಹೋಗುತ್ತದೆ. ಕೆಲಸ ಹೋದರೆ ವೀಸಾ, ವೀಸಾ ಹೋದರೆ ಇವಳ ಶಾಲೆ. ಸಿಟ್ಟು ನೆತ್ತಿಗೇರಿತು, ಆದರೆ ಪಟವನ್ನು ಮನೆಗೆ ತಂದವನು ನಾನಲ್ಲವೇ?

ಅಂಗಡಿಯ ಮಾಲೀಕ ರೆಮಿಜಿಯಸ್‌ಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ.

“ಅಳಿಸ್ಬೇಡ ಮಾರಾಯ, ಹಾಗೇ ತಾ. ಮಾತಾಡುದು ನಾನು. ನೀನು ಬಾಯಿ ಬಿಟ್ರೆ ಖಲಾಸ್,” ಎಂದರು.

ಸಂಜೆ ಅಂಗಡಿಗೆ ಗಿರಾಕಿ ಬಂದರು, ವಯಸ್ಸಾದ ಕತಾರಿ. ಪಟ ತಿರುಗಿಸಿದರು. ಅಧಿಕಾರಿಯ ಮಗುವೇ ಆಗ ಗೀಚಿದ್ದು, ಇಂಥದ್ದು ಬಹಳ ಅಪರೂಪ ಎಂದು ರೆಮಿಜಿಯಸ್ ಅರಬ್ಬಿಯಲ್ಲಿ ಕತೆ ಕಟ್ಟಿದರು. ಮುದುಕರು ನಂಬಿದರು. ಬಚಾವಾದೆ ಎಂದುಕೊಂಡೆ.

ಅವರು ಆ ಕಾಲುಗಳ ಹತ್ತಿರ ಬೆರಳು ತಂದು, “ಪಾಪ, ಆ ಮಗು ಸತ್ತು ಎಷ್ಟು ಕಾಲವಾಯಿತೋ,” ಎಂದರು.

ನನಗೆ ತಡೆಯಲಾಗಲಿಲ್ಲ.

“ಸತ್ತಿಲ್ಲ,” ಎಂದೆ. “ಅದು ನನ್ನ ಮಗಳು. ಮನೆಯಲ್ಲಿದ್ದಾಳೆ.”

ರೆಮಿಜಿಯಸ್ ಕೈಚಾಚಿದರು. ವ್ಯಾನಿನ ಕೀಲಿಯನ್ನು ಆ ಕೈಯಲ್ಲಿಟ್ಟು ಹೊರಬಿದ್ದೆ.

ಬಾಗಿಲು ತೆರೆದವಳು ಹಸ್ನಾ. “ಕಾಲು ಬಂತಲ್ಲ, ಅವರು ನಡ್ಕೊಂಡು ಹೋದ್ರಾ?”

“ಇಲ್ಲ. ನಡ್ಕೊಂಡು ಬಂದದ್ದು ನಾನು,” ಎಂದು ಅವಳ ಕೈ ಹಿಡಿದುಕೊಂಡೆ. ಕೈ ಬೆಚ್ಚಗಿತ್ತು. ಝೊಹರಾ ಅಡುಗೆಮನೆಯಿಂದ ಏನಾಯಿತೆಂದು ಕೇಳುತ್ತಿದ್ದಳು.