ಓಟಕ್ಕೆ ಮೊದಲು ಕೂಗುವ ಹೆಸರು

ಬಾಲ್ಬಿನಾ ಪರಿಯೋನಾ ಹೆಸರು ಕೂಗುವುದಿಲ್ಲ. ಲೀಮಾ ಪಟ್ಟಣದಲ್ಲಿ ಬೆಟ್ಟದ ಹಾಡು ಕೇಳುವವರಿಗೆಲ್ಲ ಇದು ಗೊತ್ತಿತ್ತು. ಕೆಲವರು ಬೇಸರದಿಂದ ಹೇಳುತ್ತಿದ್ದರು, ಕೆಲವರು ನಕ್ಕು ಹೇಳುತ್ತಿದ್ದರು.

ಹೆಸರು ಕೂಗುವುದೆಂದರೆ ಸಣ್ಣ ವಿಷಯವಲ್ಲ. ಎರಡು ಚರಣ ಮುಗಿದು, ಜನ ನೆಲಕ್ಕೆ ಕಾಲು ಬಡಿದು ಕುಣಿಯುವ ಕೊನೆಯ ಓಟ ಶುರುವಾಗುವ ಮುಂಚೆ, ಹಾರ್ಪ್ ಎಂಬ ತಂತಿವಾದ್ಯ ಒಂದೇ ತುಣುಕನ್ನು ಗಾಣದೆತ್ತಿನ ಹಾಗೆ ಸುತ್ತುತ್ತಿರುತ್ತದೆ. ಆ ಬಿಡುವಿನಲ್ಲಿ ಹಾಡುಗಾರ್ತಿ ಕೂಗಬೇಕು: ಇಂಥ ಊರಿನ, ಇಂಥವರ ಮಗ, ಈಗ ಇಂಥಲ್ಲಿ ದುಡಿಯುತ್ತಿರುವ ಇಂಥವನಿಗೆ ನಮಸ್ಕಾರ! ಆರು ದಿನ ಆಲೂಗೆಡ್ಡೆ ಮೂಟೆ ಹೊತ್ತವನು, ಕಂಡವರ ಮನೆಯಲ್ಲಿ ‘ಏ ಹುಡುಗಿ’ ಎನಿಸಿಕೊಂಡು ಪಾತ್ರೆ ತಿಕ್ಕಿದವಳು, ಭಾನುವಾರ ಮಧ್ಯಾಹ್ನ ಟಿಕೆಟ್ ಕೊಂಡು ಬರುವುದೇ ತನಗೊಂದು ಹೆಸರಿದೆ, ಊರಿದೆ, ಅಪ್ಪ ಅಮ್ಮ ಇದ್ದಾರೆ ಎಂದು ನಾಲ್ಕು ಜನರ ಮುಂದೆ ಕೇಳಿಸಿಕೊಳ್ಳುವುದಕ್ಕೆ. ಹೆಸರು ಕೂಗದ ಹಾಡು ಅವರಿಗೆ ಉಪ್ಪಿಲ್ಲದ ಅಡುಗೆ.

ತಮಾಷೆಯೆಂದರೆ, ಬಾಲ್ಬಿನಾ ಹೆಸರು ಮಾಡಿದ್ದೇ ಹೆಸರು ಕೂಗಿ. ಪುಕಾವಾಸಿ ಎಂಬ ಬೆಟ್ಟದೂರಿನಿಂದ ಹದಿನಾರನೇ ವಯಸ್ಸಿಗೆ ಮನೆಗೆಲಸಕ್ಕೆಂದು ಬಂದವಳು. ಊರಲ್ಲಿ ಹೊಸ ಮನೆಗೆ ಚಾವಣಿ ಏರಿಸುವ ದಿನ, ಕುರಿಗಳ ಕಿವಿಗೆ ಬಣ್ಣದ ದಾರ ಕಟ್ಟುವ ದಿನ ಹಾಡುತ್ತಿದ್ದಳು. ಲೀಮಾದಲ್ಲಿ ಒಂದು ಭಾನುವಾರ ಧೈರ್ಯ ಮಾಡಿ ವೇದಿಕೆ ಹತ್ತಿದಳು. ಗಂಟಲು ಚೆನ್ನಾಗಿತ್ತು, ನಿಜ. ಆದರೆ ಚೆನ್ನಾದ ಗಂಟಲುಗಳು ಬೀದಿಗೊಂದಿದ್ದವು. ಅವಳಂಥ ನೆನಪು ಯಾರಿಗೂ ಇರಲಿಲ್ಲ. ಒಮ್ಮೆ ಕೇಳಿದ ಹೆಸರು, ಅವನ ತಾಯಿಯ ಹೆಸರು, ಊರಿನ ಯಾವ ಕೇರಿ, ಈಗ ಯಾವ ಗಣಿ, ಯಾವ ತೋಟ, ಒಂದೂ ತಪ್ಪುತ್ತಿರಲಿಲ್ಲ. ಊರ ಸುದ್ದಿಯನ್ನೆಲ್ಲ ಮರದ ಮೇಲೆ ಕೂತು ಒದರುವ ಬೂದು ಹಕ್ಕಿಯೊಂದಿದೆ, ಚಿವಾಕು. ‘ಪುಕಾವಾಸಿಯ ಚಿವಾಕು’ ಎಂದೇ ಅವಳನ್ನು ಕರೆದರು. ಮೂರು ರೆಕಾರ್ಡು ಬಂದವು. ಬೆಳಗಿನ ಐದು ಗಂಟೆಯ ರೇಡಿಯೊ ಕಾರ್ಯಕ್ರಮ ಬಂತು. ಪೋಸ್ಟರಿನಲ್ಲಿ ಅವಳ ಮುಖ ಎಲ್ಲರಿಗಿಂತ ಮೇಲೆ.

ಆ ವರ್ಷಗಳಲ್ಲೇ ಬೆಟ್ಟಕ್ಕೆ ಬೆಂಕಿ ಬಿತ್ತು. ಹಗಲು ಸೈನ್ಯದ ಬಂದೂಕಿನವರು ಬಂದು ನೀವು ಯಾರ ಕಡೆ ಎಂದು ಕೇಳುವುದು, ರಾತ್ರಿ ಬಂಡುಕೋರ ಬಂದೂಕಿನವರು ಬಂದು ಕೇಳುವುದು. ಇವರಿಗೆ ಉತ್ತರ ಕೊಟ್ಟರೆ ಅವರು ಕೊಲ್ಲುವುದು. ಬಾಲ್ಬಿನಾಳ ಅಣ್ಣ ಸಾಬಿನೊ ಆಗ ಊರಿನ ಮುಖಂಡ. ಎರಡೂ ಕಡೆಯವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಒಂದು ಬೆಳಗ್ಗೆ ಹೇಳದೆ ಕೇಳದೆ ಬೆಟ್ಟ ಇಳಿದು, ಕರಾವಳಿಯ ಹತ್ತಿ ತೋಟವೊಂದರಲ್ಲಿ ಕೂಲಿಗೆ ಸೇರಿಕೊಂಡ. ತಂಗಿಗೆ ಮಾತ್ರ ತಿಳಿಸಿದ. ಅವ್ವನಿಗೂ ಹೇಳಬೇಡ ಎಂದ.

ಊರಲ್ಲಿ ಅವ್ವ ಮಗ ಸತ್ತನೆಂದು ಊಟ ಬಿಟ್ಟಳು. ಆ ಸುದ್ದಿ ಬಾಲ್ಬಿನಾಳಿಗೆ ಮುಟ್ಟಿತು. ಅವ್ವನ ಹತ್ತಿರ ಬ್ಯಾಟರಿ ರೇಡಿಯೊ ಇತ್ತು, ಬೆಳಿಗ್ಗೆ ಐದಕ್ಕೆ ಅದಕ್ಕೆ ಕಿವಿ ಹಚ್ಚಿ ಕೂರುತ್ತಾಳೆಂದು ಗೊತ್ತಿತ್ತು. ಒಂದು ಸೋಮವಾರ, ಓಟಕ್ಕೆ ಮೊದಲು, ಬಾಯಿ ತಾನಾಗಿ ಕೂಗಿತು: ಪುಕಾವಾಸಿಯ ಮೇಲಿನ ಕೇರಿಯ, ಇಂಥ ಹತ್ತಿ ತೋಟದಲ್ಲಿ ಹತ್ತಿ ಬಿಡಿಸುತ್ತಿರುವ, ನನ್ನಣ್ಣ ಸಾಬಿನೊ ಪರಿಯೋನಾನಿಗೆ ನಮಸ್ಕಾರ! ಊರು, ಕೇರಿ, ಜಾಗ, ಹೆಸರು; ವರ್ಷಗಟ್ಟಲೆ ಹಾಗೆ ಕೂಗಿದವಳಿಗೆ ಅರ್ಧಕ್ಕೆ ನಿಲ್ಲಿಸುವುದು ಗೊತ್ತಿರಲಿಲ್ಲ.

ಎಂಟು ದಿನಕ್ಕೆ ತೋಟಕ್ಕೆ ಒಂದು ವ್ಯಾನು ಬಂತು. ಇಬ್ಬರು ಇಳಿದು ಹೆಸರು ಹಿಡಿದು ಕೇಳಿ, ಸಾಬಿನೊನನ್ನು ಹತ್ತಿಸಿಕೊಂಡು ಹೋದರು. ಯಾವ ಬಂದೂಕಿನವರೆಂದು ಇವತ್ತಿಗೂ ಯಾರೂ ಹೇಳಿಲ್ಲ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಂದಿನಿಂದ ಎಂಟು ವರ್ಷ ಬಾಲ್ಬಿನಾ ಹಾಡಿದಳು, ಹೆಸರು ಕೂಗಲಿಲ್ಲ. ಕಾರಣವನ್ನು ಹಾರ್ಪ್ ನುಡಿಸುವ ಅಲೆಹೊ ಒಬ್ಬನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಊರಿಗೂ ಹೋಗಲಿಲ್ಲ, ಅವ್ವ ತೀರಿಕೊಂಡಾಗಲೂ. ಪೋಸ್ಟರಿನಲ್ಲಿ ಅವಳ ಹೆಸರು ಇಳಿಯುತ್ತ ಇಳಿಯುತ್ತ ಪ್ರೆಸ್ಸಿನ ವಿಳಾಸದ ಪಕ್ಕಕ್ಕೆ ಬಂದು ನಿಂತಿತ್ತು.

ಆ ಭಾನುವಾರ ಲೀಮಾದಲ್ಲಿರುವ ಪುಕಾವಾಸಿಯವರು ಸೇರಿ ಮಾಡುವ ವರ್ಷದ ಹಬ್ಬ. ಊರಿನವರು ಬಿಟ್ಟುಕೊಡದೆ ಪ್ರತಿವರ್ಷ ಅವಳನ್ನೇ ಕರೆಯುತ್ತಿದ್ದರು. ಪಟ್ಟಣದಂಚಿನ ಮಣ್ಣು ಮೈದಾನ, ಸುತ್ತ ಇಟ್ಟಿಗೆ ಗೋಡೆ, ಪೀಪಾಯಿಗಳ ಮೇಲೆ ಹಲಗೆ ಹಾಸಿದ ವೇದಿಕೆ. ನೆಲದೊಳಗೆ ಕಾದ ಕಲ್ಲಿನ ನಡುವೆ ಮಾಂಸ ಬೇಯುವ ವಾಸನೆ ಊರನ್ನೇ ತಂದು ನಿಲ್ಲಿಸಿತ್ತು. ಗೋಣಿಪರದೆಯ ಹಿಂದೆ ಬಾಲ್ಬಿನಾ ಎರಡನೆಯ ಲಂಗದ ಮೇಲೆ ಮೂರನೆಯದನ್ನು ಕಟ್ಟಿಕೊಳ್ಳುತ್ತಿದ್ದಳು. ಹಬ್ಬದ ಉಸ್ತುವಾರಿಯ ಗ್ರಿಮಾಲ್ದೊ ಪರದೆಯಾಚೆಯಿಂದಲೇ ತನ್ನ ವರ್ಷದ ಗೊಣಗಾಟ ಮುಗಿಸಿದ:

“ಊರೋರ ಹೆಸರು ಕೂಗಲ್ಲ, ಸರಿ. ಕೊನೇಪಕ್ಷ ನನ್ನ ಹೆಸರಾದ್ರೂ ಕೂಗು ತಾಯಿ. ಬೆಳಿಗ್ಗೆಯಿಂದ ಬೀರ್ ಪೆಟ್ಟಿಗೆ ಹೊತ್ತೂ ಹೊತ್ತೂ ಸೊಂಟ ಬಿದ್ದೋಗಿದೆ!”

“ನಿನ್ನ ಸೊಂಟದ ಸುದ್ದಿ ನಿನ್ನ ಹೆಂಡ್ತಿಗೆ ಹೇಳಪ್ಪ,” ಎಂದಳು ಬಾಲ್ಬಿನಾ. ಅಲೆಹೊ ತಂತಿ ಬಿಗಿಮಾಡುತ್ತ ಕಿಸಕ್ಕನೆ ನಕ್ಕ.

ಆಗ ಪರದೆ ಸರಿಸಿ ದೆಮೆತ್ರಿಯಾ ಒಳಗೆ ಬಂದಳು. ಊರಿನ ಕೆಳಗಿನ ಕೇರಿಯ ಮುದುಕಿ. ಲೀಮಾಕ್ಕೆ ಬಂದು ಬೇಯಿಸಿದ ಜೋಳದ ತೆನೆ ಮಾರಿ ಬದುಕುವವಳು.

“ತಗೋ ಮಗಳೆ, ಬಿಸಿಬಿಸಿ ತೆನೆ. ಎಷ್ಟು ಬಡವಾಗಿದೀಯ! ಒಳಗೆ ಏನೂ ಇಲ್ದಿದ್ರೆ ದನಿ ಎಲ್ಲಿಂದ ಬರುತ್ತೆ?”

“ಏನಾಗ್ಬೇಕಿತ್ತು ಹೇಳವ್ವ. ತೆನೆ ಕೊಡೋಕೆ ನೀನು ಒಲೆ ಬಿಟ್ಟು ಬರೋಳಲ್ಲ.”

ಮುದುಕಿ ಕೂರಲಿಲ್ಲ. “ನನ್ನ ಮಗನ ಹೆಸರು ಕೂಗು.”

ಉರ್ಬಾನೊ. ಕುರಿಹಬ್ಬದಲ್ಲಿ ಸುರುಳಿ ಕೊಂಬು ಊದುತ್ತಿದ್ದ, ಹಲ್ಲು ಸ್ವಲ್ಪ ಮುಂದಿದ್ದ ಹುಡುಗ. ಒಂಬತ್ತು ವರ್ಷದ ಹಿಂದೆ ಉಪ್ಪು ತರುತ್ತೇನೆಂದು ಪೇಟೆಗೆ ಹೋದವನು ಹಿಂದಿರುಗಲಿಲ್ಲ. ದೆಮೆತ್ರಿಯಾ ಹತ್ತದ ಕಚೇರಿ ಇರಲಿಲ್ಲ.

“ಒಬ್ಬ ಅಧಿಕಾರಿ ಹೇಳ್ದ, ಹೆಂಡ್ತಿ ಕಾಟ ತಾಳ್ದೆ ಓಡೋಗಿರ್ತಾನೆ ಅಂತ. ಅವನಿಗೆ ಮದುವೇನೇ ಆಗಿರ್ಲಿಲ್ಲ. ಉಳಿದ ಹಾಡೋ ಹೆಂಗಸ್ರನ್ನೂ ಕೇಳ್ದೆ. ಕಾಣೆಯಾದೋರ ಹೆಸರು ಕೂಗಿದ್ರೆ ಆಮೇಲೆ ನಮ್ಮನ್ನೂ ಹುಡುಕ್ಬೇಕಾಗುತ್ತೆ ಅಂದ್ರು. ಇಲ್ಲಿ ಸುತ್ತ ಹತ್ತೂರಿನ ಜನ ಸೇರಿದಾರೆ. ಯಾರೋ ಒಬ್ರು ನೋಡಿರ್ತಾರೆ ಕಣೆ.”

“ನನ್ನ ಬಾಯಿ ಒಳ್ಳೇದಲ್ಲ ಅವ್ವ. ಈ ಬಾಯಲ್ಲಿ ಹೆಸರು ಬಂದೋರು ಉಳಿಯಲ್ಲ.”

“ಸಾಬಿನೊ ವಿಷಯ ತಾನೆ?”

ಬಾಲ್ಬಿನಾಳ ಕೈ ಲಂಗದ ಗಂಟಿನ ಮೇಲೆ ಹಾಗೇ ನಿಂತಿತು. ಅಲೆಹೊನ ಕಡೆ ನೋಡಿದಳು. ಅವನು ನಾನಲ್ಲ ಎಂಬಂತೆ ತಲೆಯಾಡಿಸಿದ.

“ಅವನನ್ಯಾಕೆ ನೋಡ್ತೀಯ? ಊರಿಗೆಲ್ಲ ಗೊತ್ತು. ರೇಡಿಯೊ ಇದ್ದಿದ್ದು ನಿಮ್ಮವ್ವನ ಹತ್ರ ಒಂದೇನಾ?”

ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎನ್ನುತ್ತಾರೆ. ಈ ಊರು ತಾನೇ ಬಾಯಿ ಮುಚ್ಚಿಕೊಂಡು, ವರ್ಷವರ್ಷವೂ ಅವಳನ್ನು ಕರೆದು ಹಾಡಿಸಿತ್ತು. ಬಾಲ್ಬಿನಾಳಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

“ನಮ್ಮವ್ವನಿಗೂ ಗೊತ್ತಿತ್ತಾ?”

“ಹ್ಞೂಂ. ಮಗ ಇದಾನೆ ಅಂತ ಕೇಳಿದ ದಿನ ಕೇರಿಗೆಲ್ಲ ಊಟ ಹಾಕಿದ್ಲು. ಆಮೇಲೆ ಹಿಡ್ಕೊಂಡು ಹೋದ ಸುದ್ದಿ ಬಂತು. ಇಬ್ರೂ ತೋಟಕ್ಕೆ ಹೋದ್ವಿ, ನಾನೇ ಜೊತೆಗೆ ಹೋಗಿದ್ದೆ. ಅವನು ಅರ್ಧ ಬಿಡಿಸಿದ್ದ ಹತ್ತಿ ಸಾಲು ತೋರಿಸಿದ್ರು, ಯಾವ ದಿನ ಅಂತ ಹೇಳಿದ್ರು, ಅವನ ಕಂಬಳಿ, ಅಂಗಿ ಕೊಟ್ರು. ನಿಮ್ಮವ್ವ ಸಾಲಿನ ತುದೀಲಿ ಕೂತು ಅತ್ಲು. ಆ ವ್ಯಾನು ಹತ್ತಿದೋರು ವಾಪಸ್ ಬರಲ್ಲ ಅಂತ ಗೊತ್ತಿತ್ತು; ಊರಿಗೆ ಬಂದು ಸತ್ತೋರಿಗೆ ಮಾಡೋ ಹಾಗೆ ಐದನೇ ದಿನ ಹೊಳೇಲಿ ಬಟ್ಟೆ ಒಗೆದು, ಹಿಂಡಿ, ಹೆಣದ ಬದಲು ಅದನ್ನೇ ಮಣ್ಣು ಮಾಡಿದ್ಲು. ‘ನಮಗೆಲ್ಲ ಗೊತ್ತು ಅಂತ ನನ್ನ ಮಗಳಿಗೆ ಹೇಳ್ಬೇಡಿ, ಹಾಡೋದು ಬಿಟ್ಬಿಡ್ತಾಳೆ’ ಅಂದ್ಲು.”

ಹೊರಗೆ ಯಾರೋ ಮೈಕು ತಟ್ಟಿ ಒಂದು, ಎರಡು ಎಂದು ಎಣಿಸುತ್ತಿದ್ದರು.

“ನೀನು ಮಾಡಿದ್ದು ಸರಿ ಅಂತ ನಾನು ಹೇಳೋಕೆ ಬಂದಿಲ್ಲ,” ಎಂದಳು ದೆಮೆತ್ರಿಯಾ. ದನಿ ಒಡೆದಿತ್ತು. “ಆದ್ರೆ ಅವಳಿಗೆ ಹೋಗಿ ಅಳೋಕೆ ಒಂದು ಜಾಗ ಇತ್ತು. ನನ್ನ ಮಗನ ಬಟ್ಟೆ ಒಂಬತ್ತು ವರ್ಷದಿಂದ ಗಂಟು ಕಟ್ಟಿ ಇಟ್ಟಿದೀನಿ. ಒಗೆದ್ರೆ ನಾನೇ ಸಾಯಿಸಿದ ಹಾಗೆ. ಒಗೀದೆ ಇದ್ರೆ ಅವನ ಜೀವ ಅಲೀತಾ ಇರುತ್ತೇನೋ ಅಂತ ಭಯ. ಪ್ರತಿ ರಾತ್ರಿ ಆ ಗಂಟು ನನ್ನ ತಲೆದಿಂಬು. ನಿನ್ನ ಬಾಯಿಂದ ಕೆಟ್ಟ ಸುದ್ದಿನೇ ಬರೋದಾದ್ರೆ ಅದೇ ಬರಲಿ.”

ತೆನೆಯನ್ನು ಪೆಟ್ಟಿಗೆಯ ಮೇಲಿಟ್ಟು, ಉತ್ತರಕ್ಕೆ ಕಾಯದೆ ಹೋದಳು.

ಬಾಲ್ಬಿನಾ ವೇದಿಕೆ ಹತ್ತಿದಳು. ಅವ್ವನ ಮೇಲೆ ಅವಳಿಗೆ ಸಿಟ್ಟು ಬಂದಿತ್ತು; ಎಂಟು ವರ್ಷ ಒಬ್ಬಳೇ ಹೊತ್ತದ್ದಕ್ಕೆ ಇಬ್ಬರೂ ಕೂಡಿ ಅಳಬಹುದಿತ್ತಲ್ಲ ಎಂಬ ಸಿಟ್ಟು. ಮೊದಲ ಚರಣ ಹಾಡಿದಳು. ಎರಡನೆಯದು ಹಾಡಿದಳು. ಜನ ಟೋಪಿ ಸರಿಮಾಡಿಕೊಂಡು ಕುಣಿಯಲು ಕೈಕೈ ಹಿಡಿದರು. ಅಲೆಹೊ ಎಂದಿನಂತೆ ಬಿಡುವಿನ ನಾಲ್ಕು ಸುತ್ತು ಶುರುಮಾಡಿದ. ಅವಳು ಕೂಗದಿದ್ದರೂ ಎಂಟು ವರ್ಷದಲ್ಲಿ ಒಂದು ಸಲವೂ ಅವನು ಅದನ್ನು ಬಿಟ್ಟಿರಲಿಲ್ಲ. ಒಂದು ಸುತ್ತಾಯಿತು, ಎರಡಾಯಿತು. ಮೂರು. ನಾಲ್ಕು. ಬಾಲ್ಬಿನಾ ಕೈಯೆತ್ತಿದಳು. ಅಲೆಹೊ ಐದನೆಯದಕ್ಕೆ ತಿರುಗಿದ.

“ಪುಕಾವಾಸಿಯ ಕೆಳಗಿನ ಕೇರಿಯ, ದೆಮೆತ್ರಿಯಾಳ ಮಗ, ಕೊಂಬು ಊದೋ ಉರ್ಬಾನೊನಿಗೆ ನಮಸ್ಕಾರ!”

ಚಿವಾಕುಗೆ ಬಾಯಿ ಬಂತು ಎಂದು ಯಾರೋ ಶಿಳ್ಳೆ ಹೊಡೆದರು. ಮರುಕ್ಷಣ ಆ ಹೆಸರು ಯಾರದೆಂದು ಹೊಳೆದು ಶಿಳ್ಳೆ ನಿಂತಿತು. ಇಬ್ಬರು ಮೂವರು ತಮ್ಮ ಮಕ್ಕಳ ಕೈ ಹಿಡಿದು ಗೇಟಿನ ಕಡೆ ನಡೆದರು. ಈಗ ಎಲ್ಲಿದ್ದಾನೆ ಎಂದು ಹೇಳಬೇಕು, ಕ್ರಮ ಅದು. ಬಾಲ್ಬಿನಾ ಮೈಕನ್ನು ಹತ್ತಿರ ಎಳೆದುಕೊಂಡಳು.

“ಈಗ ಎಲ್ಲಿದಾನೆ ಗೊತ್ತಿಲ್ಲ. ಒಂಬತ್ತು ವರ್ಷದ ಹಿಂದೆ ಉಪ್ಪು ತರೋಕೆ ಹೋಗಿದ್ದ. ನೋಡಿದೋರು ಅವನ ತಾಯಿಗೆ ಹೇಳಿ. ಗೇಟಿನ ಹತ್ರ ಜೋಳ ಬೇಯಿಸ್ತಾ ಇದಾಳೆ.”

ಗ್ರಿಮಾಲ್ದೊ ವೇದಿಕೆಯ ಕೆಳಗೆ ನಿಂತು ಸಾಕು ಸಾಕೆಂದು ಎರಡೂ ಕೈ ಬೀಸುತ್ತಿದ್ದ. ಅಲೆಹೊ ಅವನ ಕಡೆ ನೋಡಲೇ ಇಲ್ಲ; ಇನ್ನೊಂದು ಸುತ್ತು ತಿರುಗಿದ.

“ಮೇಲಿನ ಕೇರಿಯ ನನ್ನಣ್ಣ ಸಾಬಿನೊನಿಗೂ ನಮಸ್ಕಾರ. ಹತ್ತಿ ತೋಟದಲ್ಲಿದ್ದ. ಅಲ್ಲಿದಾನೆ ಅಂತ ಕೂಗಿ ಹೇಳ್ದೋಳು ನಾನೇ.”

ಆಮೇಲೆ ಓಟ ಶುರುವಾಯಿತು. ಹಾಡಲೇಬೇಕಲ್ಲ, ಹಾಡಿದಳು. ಕೆಲವರಷ್ಟೇ ಕಾಲು ಬಡಿದರು. ಹಾಡುತ್ತಲೇ ಅವಳ ಕಣ್ಣು ಜನರ ತಲೆಗಳಾಚೆ ಗೇಟಿಗೆ ಹೋಯಿತು. ವಯಸ್ಸಾದ ಒಬ್ಬ ಗಂಡಸು, ಪುಕಾವಾಸಿಯವನಲ್ಲ, ಮುಖ ಗುರುತಿಲ್ಲ, ದೆಮೆತ್ರಿಯಾಳ ಮಡಕೆಯ ಹತ್ತಿರ ಹೋಗಿ ಒಂದು ತೆನೆ ಕೊಂಡ. ತಿನ್ನಲಿಲ್ಲ. ಟೋಪಿ ತೆಗೆದ. ಬಗ್ಗಿ ಏನೋ ಹೇಳತೊಡಗಿದ, ಕೈಯಿಂದ ಲಾರಿಯ ಸ್ಟಿಯರಿಂಗ್ ತಿರುಗಿಸುವ ಹಾಗೆ, ಆಮೇಲೆ ಸೇತುವೆಯ ಹಾಗೆ ತೋರಿಸಿದ. ಮೂರು ಬೆರಳೆತ್ತಿದ. ಕೊನೆಗೆ ಮುಷ್ಟಿಯನ್ನು ಬಾಯಿಗೆ ಹಿಡಿದು ಕೊಂಬು ಊದುವವನಂತೆ ಮಾಡಿ, ತಲೆ ತಗ್ಗಿಸಿದ. ದೆಮೆತ್ರಿಯಾ ಎದ್ದು ನಿಂತಿದ್ದಳು. ಬಾಲ್ಬಿನಾಳಿಗೆ ಒಂದು ಮಾತೂ ಕೇಳಲಿಲ್ಲ; ಹಾಡು ಜೋರಾಗಿತ್ತು, ಅದು ಅವಳದೇ ಹಾಡು.

ಮುಗಿಸಿ ಕೆಳಗಿಳಿದಾಗ ಗ್ರಿಮಾಲ್ದೊ ಏನೇನೋ ಬೈದ. ಇನ್ನು ನಿನ್ನನ್ನು ಯಾರೂ ಕರೆಯುವುದಿಲ್ಲ ಎಂದ. ಅವಳು ಅವನನ್ನು ದಾಟಿ ಪರದೆ ಸರಿಸಿದಳು. ದೆಮೆತ್ರಿಯಾ ಆಗಲೇ ಒಳಗೆ, ಪೆಟ್ಟಿಗೆಯ ಮೇಲೆ ಕೂತಿದ್ದಳು. ಅತ್ತಿರಲಿಲ್ಲ. ಬಾಲ್ಬಿನಾ ಅವಳ ಕಾಲ ಬಳಿ ಕುಸಿದು, “ಅವ್ವ, ನನ್ನ ಬಾಯಿ...” ಎಂದಳು.

ಮುದುಕಿ ಅವಳ ಟೋಪಿಯಿಂದ ಜಾರುತ್ತಿದ್ದ ಹೂವನ್ನು ಸರಿಯಾಗಿ ಸಿಕ್ಕಿಸಿದಳು.

“ಸೋಪು ಇದೆಯಾ ಮಗಳೆ?” ಎಂದಳು ಆಮೇಲೆ. “ಬಟ್ಟೆ ಒಗೀಬೇಕು.”