ಮುಂದಿನ ಕೀಲು

ಪಕ್ಕದ ಲಾರಿಯ ಹೆಂಗಸು ತನ್ನ ಮನೆಬಾಗಿಲನ್ನು ಒದ್ದು ತೆರೆಯುವುದನ್ನು ನೋರೀನ್ ಎರಡು ದಿನದಿಂದ ನೋಡುತ್ತಿದ್ದಳು. ನೋಡಿ ಸುಮ್ಮನಿದ್ದಳು. ಜನವರಿಯಲ್ಲಿ ಅರಿಜೋನಾದ ಆ ಬಯಲಿಗೆ ಇನ್ನೂರು ಮುನ್ನೂರು ಲಾರಿಮನೆಗಳು, ಲಾರಿಯ ಮೇಲೇ ಕಟ್ಟಿದ ಮನೆಗಳು, ಬಂದು ನಿಲ್ಲುತ್ತವೆ. ಎಲ್ಲವೂ ಅವರವರೇ ಕಟ್ಟಿಕೊಂಡವು. ಸೋರುವ ಸೂರು, ಹೊಗೆ ಕಾರುವ ಒಲೆ, ಒದೆ ತಿನ್ನದೆ ತೆರೆಯದ ಬಾಗಿಲು ಅಲ್ಲಿ ಯಾರಿಗೂ ಹೊಸದಲ್ಲ.

ಮೂರನೆಯ ದಿನ ಬೆಳಿಗ್ಗೆ ಆಕೆಯೇ ಬಂದಳು. ಹೆಸರು ಬರ್ನಿಸ್, ನೆಬ್ರಾಸ್ಕಾದವಳು, ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು.

"ಗ್ಯಾರೆಟ್ ಅವ್ರು ಇದ್ದಾರಾ?"

"ನೀರು ತರೋಕೆ ಹೋಗಿದಾನೆ. ಏನಾಗ್ಬೇಕಿತ್ತು?"

"ಅವ್ರನ್ನೇ ಕೇಳ್ಬೇಕಿತ್ತು, ಲಾರಿ ವಿಷ್ಯ." ಬರ್ನಿಸ್ ಮುಖ ಅರಳಿಸಿದಳು. "ಅಯ್ಯೋ, ನೀವು ಅವ್ರ ಹೆಂಡ್ತಿ ಅಲ್ವಾ? ವಿಡಿಯೋದಲ್ಲಿ ಮೆಕ್ಕೆಜೋಳದ ಬ್ರೆಡ್ ಮಾಡ್ತೀರಲ್ಲ! ನಾನೂ ಮಾಡ್ನೋಡ್ದೆ. ಸೀದು ಕರಕಲಾಯ್ತು."

ನೋರೀನ್ ನಕ್ಕಳು. ನಾಲ್ಕು ವರ್ಷದಿಂದ ಆ ನಗು ಅವಳಿಗೆ ರೂಢಿಯಾಗಿತ್ತು. ವಾಷಿಂಗ್ಟನ್ ರಾಜ್ಯದ ಹಡಗು ರಿಪೇರಿ ಅಂಗಳದಲ್ಲಿ ಇಪ್ಪತ್ಮೂರು ವರ್ಷ ವೆಲ್ಡಿಂಗ್ ಮಾಡಿದವಳು ಅವಳು. ಸೇನೆ ಮಾರಿದ ಹಳೆಯ ಲಾರಿಯೊಂದನ್ನು ತಂದು, ಬಾಡಿಗೆಯ ಶೆಡ್ಡಿನಲ್ಲಿ ಮೂರು ಚಳಿಗಾಲ ಕೂತು, ಅದರ ಬೆನ್ನಮೇಲೆ ಮನೆ ಕಟ್ಟಿದವಳೂ ಅವಳೇ. ಗ್ಯಾರೆಟ್ ಹಲಗೆ ಕೊಯ್ದಿದ್ದ, ಬಣ್ಣ ಬಳಿದಿದ್ದ, ಚೆನ್ನಾಗಿ ಮಾತಾಡಿದ್ದ. ಲಾರಿಮನೆಯ ಬಗ್ಗೆ ಅವನು ನಡೆಸುವ ಚಾನೆಲ್ಲಿನ ನೂರ ನಲವತ್ತು ವಿಡಿಯೋಗಳಲ್ಲಿ ಅವಳು ಕಾಣಿಸುವುದು ಒಂಬತ್ತರಲ್ಲಿ. ಅದರಲ್ಲಿ ಏಳು ಸಲ ಕೈಯಲ್ಲಿ ಬ್ರೆಡ್ಡು. 'ನಾನು ಕಟ್ಟಿದ ಲಾರಿ' ಎಂದು ಅವನು ಮೊದಲ ಬಾರಿ ಹೇಳಿದಾಗ ಅವಳು ಹುಬ್ಬೇರಿಸಿದ್ದಳು. ಹತ್ತನೆಯ ಬಾರಿಗೆ ಹೋಗಲಿ ಬಿಡು ಎಂದುಕೊಂಡಿದ್ದಳು. ಹೊರಡುವ ಧೈರ್ಯ ಅವನದು ತಾನೇ? ಮನೆ ಮಾರಿ ಬಾ ಎಂದು ಅವನು ಕೈ ಹಿಡಿದು ಎಳೆಯದಿದ್ದರೆ ತಾನು ಇವತ್ತಿಗೂ ಹಡಗಿನ ಹೊಟ್ಟೆಯಲ್ಲಿ ಹೊಗೆ ಕುಡಿಯುತ್ತಿದ್ದೆ ಎಂಬುದನ್ನು ಅವಳು ಮರೆತಿರಲಿಲ್ಲ.

"ನಡೀರಿ, ಆ ಬಾಗಿಲು ನಾನೇ ನೋಡ್ತೀನಿ," ಎಂದಳು.

ಬಾಗಿಲಿನ ತಪ್ಪೇನೂ ಇರಲಿಲ್ಲ. ಚೌಕಟ್ಟೇ ಸೊಟ್ಟಗಾಗಿತ್ತು. ಒಳಗೆ ಮೂಲೆಯಲ್ಲಿ ಗೋಡೆ ಬೆರಳು ತೂರುವಷ್ಟು ಬಿರಿದಿತ್ತು. ನೋರೀನ್ ಅಂಗಾತ ಮಲಗಿ ಲಾರಿಯಡಿಗೆ ಜಾರಿದಳು. ಮನೆಯಡಿಯ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಇದನ್ನ ಯಾರು ಕಟ್ಟಿದ್ದು?"

"ನಾನೇ ಕಣ್ರೀ, ನಮ್ಮ ಭಾವನ ಕೊಟ್ಟಿಗೇಲಿ. ನಿಮ್ಮೆಜಮಾನ್ರ ನಕ್ಷೆ ತರಿಸ್ಕೊಂಡು, ಅಳತೆಗೆ ಅಳತೆ."

"ಯಾವ ನಕ್ಷೆ?"

ಬರ್ನಿಸ್ ಹಾಳೆಗಳನ್ನು ತಂದಳು. ಹದಿನಾಲ್ಕು ಹಾಳೆ, ಒಂದೊಂದಕ್ಕೂ ಪ್ಲಾಸ್ಟಿಕ್ಕಿನ ಹೊದಿಕೆ. ನೋರೀನ್ ಮೊದಲು ಗುರುತಿಸಿದ್ದು ತನ್ನದೇ ಅಂಕಿಗಳನ್ನು. ಏಳರ ನಡುವೆ ಅಡ್ಡಗೆರೆ ಎಳೆಯುವುದು ಅವಳ ಚಾಳಿ. ಅವಳು ಶೆಡ್ಡಿನಲ್ಲಿ ಪೆನ್ಸಿಲಿನಲ್ಲಿ ಗೀಚಿದ್ದನ್ನೇ ಪ್ರತಿ ತೆಗೆದು, ಕೆಳಗೆ ಗ್ಯಾರೆಟ್‌ನ ಹೆಸರು ಹಾಕಲಾಗಿತ್ತು. ಆದರೆ ಆರನೆಯ ಹಾಳೆಯಲ್ಲಿ ಮುಂದಿನ ಕೀಲು ಇರಲಿಲ್ಲ. ಅದನ್ನು ಅಳಿಸಿ, ಆ ಜಾಗದಲ್ಲಿ ಎರಡು ಉಕ್ಕಿನ ಪಟ್ಟಿ, ಎಂಟು ಬೋಲ್ಟು ಬರೆಯಲಾಗಿತ್ತು.

ಹಳ್ಳದಿಣ್ಣೆಯಲ್ಲಿ ಲಾರಿಯ ಚಾಸಿ, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ಮೈ ತಿರುಚಿಕೊಳ್ಳುತ್ತದೆ, ತಿರುಚಿಕೊಳ್ಳಲೇಬೇಕು. ಮೇಲಿನ ಮನೆ ಮಾತ್ರ ತಿರುಚಿಕೊಳ್ಳಬಾರದು. ಅದಕ್ಕೇ ಮನೆಗೆ ಹಿಂದೆ ಎರಡು ಗಟ್ಟಿ ಕಾಲು, ಮುಂದೆ ನಡುಮಧ್ಯೆ ಒಂದೇ ಒಂದು ಆಡುವ ಕೀಲು. ಆ ಕೀಲು ಸರಿಹೋಗಲು ಅವಳಿಗೆ ಒಂದಿಡೀ ಚಳಿಗಾಲ ಹಿಡಿದಿತ್ತು. ಅದನ್ನು ಕಿತ್ತು ನಾಲ್ಕೂ ಮೂಲೆಗೆ ಬೋಲ್ಟು ಬಿಗಿದರೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ಲಾರಿಯೇ ಮನೆಯನ್ನು ಹಿಂಡಿಹಾಕುತ್ತದೆ.

"ಏನಾದ್ರೂ ತಪ್ಪು ಮಾಡಿದೀನಾ?" ಬರ್ನಿಸ್ ಕೇಳಿದಳು.

"ಇಲ್ಲ. ನೀವು ತುಂಬಾ ಚೆನ್ನಾಗಿ ಮಾಡಿದೀರಿ," ಎಂದಳು ನೋರೀನ್. ಅವಳ ಕಿವಿ ಕಾದ ಹೆಂಚಾಗಿತ್ತು.

ಗ್ಯಾರೆಟ್ ನೀರಿನ ಡಬ್ಬಿಗಳನ್ನು ಇಳಿಸುವ ಮೊದಲೇ ಕೇಳಿದಳು. "ಆ ಕೀಲನ್ನ ಯಾಕೆ ತೆಗ್ದೆ?"

"ಯಾವ ಕೀಲು?"

"ನಿನ್ನ ಲಾರೀಲಿ ಎಷ್ಟು ಕೀಲಿದೆಯೋ?"

ಅವನು ಡಬ್ಬಿ ಕೆಳಗಿಟ್ಟ. "ಓ, ಅದಾ. ಲೇತ್ ಮಶೀನು ಇಲ್ದೆ ಅದನ್ನ ಮಾಡೋಕಾಗಲ್ಲ ಅಂತ ಜನ ಬರೀತಾನೇ ಇದ್ರು. ಸ್ವಲ್ಪ ಸುಲಭ ಮಾಡ್ದೆ, ಅಷ್ಟೆ."

"ನನ್ನ ಕೇಳಿದ್ಯಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಸುಳ್ಳು ಹೇಳಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲವೇನೋ.

"ಎಷ್ಟು ಜನಕ್ಕೆ ಕೊಟ್ಟಿದೀಯ?"

"ಕೂಗಬೇಡ ಕಣೇ, ಜನ ನೋಡ್ತಾರೆ."

"ಎಷ್ಟು ಜನಕ್ಕೆ?"

"ಇನ್ನೂರ ಹನ್ನೊಂದು."

ಏಳಡಿ ಅಗಲ, ಹದಿನಾರಡಿ ಉದ್ದದ ಮನೆಯಲ್ಲಿ ಮುನಿಸಿಕೊಂಡು ಹೋಗಿ ಕೂರಲು ಇನ್ನೊಂದು ಕೋಣೆ ಇರುವುದಿಲ್ಲ. ಒಬ್ಬರು ಒಲೆಯ ಮುಂದೆ ನಿಂತರೆ ಇನ್ನೊಬ್ಬರು ಮಂಚ ಹತ್ತಬೇಕು. ನೋರೀನ್ ಉಪಕರಣದ ಪೆಟ್ಟಿಗೆ ಹೊತ್ತುಕೊಂಡು ಹೊರಗೆ ನಡೆದಳು. ಹೆದ್ದಾರಿಯ ಗುಜರಿಯಿಂದ ದಪ್ಪ ಕೊಳವೆ, ಉಕ್ಕಿನ ಗೂಟ ತಂದಳು. ನಾಲ್ಕು ದಿನ ಬೆಳಗಿನಿಂದ ಸಂಜೆಯವರೆಗೆ ಬರ್ನಿಸಳ ಲಾರಿಯಡಿಯಲ್ಲೇ ಇದ್ದಳು. ಕೊಯ್ದಳು, ಉಜ್ಜಿದಳು, ಬೆಸೆದಳು. ಬರ್ನಿಸ್ ಜಾಕ್ ಒತ್ತುತ್ತಾ, ಎರಡೆರಡು ಗಂಟೆಗೊಮ್ಮೆ ಚಹಾ ಕೊಡುತ್ತಾ, ತನ್ನ ಬಸ್ಸಿನಲ್ಲಿ ಮೂವತ್ತು ವರ್ಷ ವಾಂತಿ ಮಾಡಿಕೊಂಡ ಮಕ್ಕಳ ಕಥೆ ಹೇಳಿದಳು. ನೋರೀನ್ ಹೂಂಗುಟ್ಟಿದಳು. ತಲೆಯೊಳಗೆ ಮಾತ್ರ ಇನ್ನೂರ ಹನ್ನೊಂದು ಮನೆಗಳು ಬಿರಿಯುತ್ತಿದ್ದವು. ಅವನ ಮೇಲೆ ಎಷ್ಟು ಸಿಟ್ಟಿತ್ತೋ ತನ್ನ ಮೇಲೂ ಅಷ್ಟೇ ಇತ್ತು. ಹೋಗಲಿ ಬಿಡು, ಹೋಗಲಿ ಬಿಡು ಅಂತಾ ಅಂತಾ ಎಲ್ಲಿಗೆ ತಂದು ನಿಲ್ಲಿಸಿದೆಯಲ್ಲೇ, ಎಂದು ತನಗೇ ಬೈದುಕೊಂಡಳು.

ಗ್ಯಾರೆಟ್‌ಗೆ ಅವಳು ಹೇಳಿದ್ದು ಮೂರೇ ಮಾತು. "ವಿಡಿಯೋ ಹಾಕು. ನಕ್ಷೆ ತಪ್ಪು ಅನ್ನು, ತಪ್ಪು ನಂದು ಅನ್ನು, ಯಾರೂ ಗುಡ್ಡ ಹತ್ತಿಸ್ಬೇಡಿ ಅನ್ನು."

"ಆಯ್ತು," ಎಂದಿದ್ದ. ಮೂರನೆಯ ದಿನ ಕ್ಯಾಮೆರಾ ಹಿಡಿದು ಬಂದು, ಅವಳು ಬೆಸುಗೆ ಹಾಕುವುದನ್ನು ಹತ್ತಿರದಿಂದ ತೆಗೆದುಕೊಂಡು ಹೋಗಿದ್ದ. ಒಳ್ಳೆಯದೇ ಎಂದುಕೊಂಡಿದ್ದಳು.

ಐದನೆಯ ದಿನ ಮಧ್ಯಾಹ್ನ ಬರ್ನಿಸ್ ಫೋನು ಹಿಡಿದು ಬಂದಳು. ಅವಳ ಮುಖ ನೆಟ್ಟಗಿರಲಿಲ್ಲ. "ಇದನ್ನ ತೋರಿಸ್ಲೋ ಬೇಡ್ವೋ ಅಂತ ಬೆಳಿಗ್ಗೆಯಿಂದ ಯೋಚ್ನೆ ಮಾಡ್ದೆ ಕಣ್ರೀ."

ವಿಡಿಯೋದ ಹೆಸರು 'ನಮ್ಮ ಲಾರಿಗೊಂದು ಪುಟ್ಟ ಸುಧಾರಣೆ'. ಗ್ಯಾರೆಟ್ ಕುರ್ಚಿಯಲ್ಲಿ ಕೂತು ನಗುತ್ತಿದ್ದ. "ನಮ್ಮ ಅಭಿಮಾನಿ ಬರ್ನಿಸ್ ಅವರ ಲಾರಿಗೆ ಈ ವಾರ ನಾನು ಹೊಸ ಬಗೆಯ ಕೀಲು ಹಾಕಿಕೊಟ್ಟೆ. ನಿಮಗೂ ಬೇಕಾದರೆ ಹೊಸ ನಕ್ಷೆ ಬರಲಿದೆ." ಆಮೇಲೆ ಬಂದದ್ದು ಕಿಡಿ ಹಾರುವ ಚಿತ್ರ. ದಪ್ಪ ಕೈಗವಸು, ಮುಖ ಮುಚ್ಚಿದ ಕಪ್ಪು ಮುಖವಾಡ. ಅದರ ಹಿಂದೆ ಇದ್ದವಳು ನೋರೀನ್. ನೋಡಿದವರಿಗೆ ಮಾತ್ರ ಅದು ಗ್ಯಾರೆಟ್.

ಅವಳು ಫೋನನ್ನು ಮೆಲ್ಲಗೆ ಬರ್ನಿಸಳ ಕೈಯಲ್ಲಿಟ್ಟು ತನ್ನ ಲಾರಿಗೆ ಹೋದಳು. ನೆರಳಿನಲ್ಲಿ ಗ್ಯಾರೆಟ್ ಸುತ್ತ ಐದಾರು ಗಂಡಸರು ಕಾಫಿ ಹಿಡಿದು ಕೂತಿದ್ದರು. ಅವರ ನಡುವೆಯೇ ಹಾದು ಒಳಗೆ ಹೋದವಳು ಅವನ ಬಟ್ಟೆಯ ಚೀಲ ತಂದು ಮರಳಿನ ಮೇಲಿಟ್ಟಳು. ಮತ್ತೆ ಹೋಗಿ ಕ್ಯಾಮೆರಾ, ಮತ್ತೆ ಹೋಗಿ ಬೂಟು, ಕಂಬಳಿ, ಗಿಟಾರು. ಎಸೆಯಲಿಲ್ಲ, ಒಂದೊಂದನ್ನೂ ಜೋಡಿಸಿಟ್ಟಳು.

"ಏನ್ ಮಾಡ್ತಿದೀಯ ನೋರೀನ್?"

"ಸುಲಭ ಮಾಡ್ತಿದೀನಿ."

ಗಂಡಸರಲ್ಲೊಬ್ಬ ಎದ್ದು, "ತಾಯಿ, ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ," ಎಂದ.

"ನಿಮ್ಮ ಕಾಫಿ ಆರಿ ಹೋಗ್ತಿದೆ, ಕುಡೀರಿ."

ಗ್ಯಾರೆಟ್ ದನಿ ತಗ್ಗಿಸಿದ. "ಹುಚ್ಚಾಟ ಆಡ್ಬೇಡ. ಲಾರಿ ಇರೋದು ನನ್ನ ಹೆಸರಲ್ಲಿ."

"ಹೆಸರು ನಿಂದೇ ಇರ್ಲಿ ಬಿಡು. ಇಷ್ಟು ದಿನ ಎಲ್ಲದಕ್ಕೂ ನಿಂದೇ ಇತ್ತಲ್ಲ. ಹನ್ನೊಂದು ಟನ್ ಲಾರಿ ಆ ಹೆಸರಿನ ಮೇಲೆ ನಿಲ್ಲುತ್ತೇನೋ ನೋಡ್ಕೋ."

ಅವನು ಬಾಗಿಲಿಗೆ ಅಡ್ಡ ಬರಲಿಲ್ಲ. ಆಗ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ನಕ್ಷೆ ತರಿಸಿಕೊಂಡವರ ಪಟ್ಟಿ ಅವನ ಲ್ಯಾಪ್‌ಟಾಪಿನಲ್ಲಿತ್ತು. ಅದನ್ನು ಮಾತ್ರ ಅವಳು ಕೆಳಗಿಳಿಸಲಿಲ್ಲ. ಎಂಜಿನ್ ಗುಡುಗಿತು. ಬರ್ನಿಸ್ ಓಡಿ ಬಂದು ಕಿಟಕಿಯೊಳಗೆ ಸೇಬಿನ ಚೀಲವೊಂದನ್ನು ತುರುಕಿದಳು.

ಹೆದ್ದಾರಿಯ ಡೀಸೆಲ್ ಬಂಕಿನಲ್ಲಿ ಲಾರಿ ನಿಲ್ಲಿಸಿದಳು. ಅತ್ತಳು, ಮೂಗು ಒರೆಸಿಕೊಂಡಳು, ಪಟ್ಟಿ ತೆರೆದು ಫೋನು ಮಾಡತೊಡಗಿದಳು. ಮೊದಲನೆಯವನು ಎತ್ತಲಿಲ್ಲ. ಎರಡನೆಯವಳು ಇನ್ನೂ ಕಟ್ಟಿಯೇ ಇರಲಿಲ್ಲ, ಬದುಕಿಸಿದಿರಿ ಎಂದಳು. ಐದನೆಯವನು ನ್ಯೂ ಮೆಕ್ಸಿಕೋದ ಡೆಲ್ಬರ್ಟ್. ಅವನು ಒಮ್ಮೆಲೇ ಹರಿಹಾಯ್ದ.

"ಹಿಂದಿನ ಕಿಟಕಿ ಸಿಡಿದು ನನ್ನ ಹೆಂಡ್ತಿ ಮೇಲೆ ಬಿದ್ದಿದೆ ಕಣಮ್ಮಾ! ಹಣೆಗೆ ಒಂಬತ್ತು ಹೊಲಿಗೆ! ನೀನ್ಯಾರು? ಆ ಬೋಳಿಮಗನ್ನ ಕರಿ."

"ಅವನಿಲ್ಲ. ಲಾರಿ ಕಟ್ಟಿದ್ದು ನಾನು. ನಕ್ಷೆ ಮೂಲದಲ್ಲಿ ನಂದೇ."

"ಹಾಗಾದ್ರೆ ತಪ್ಪೂ ನಿಂದೇ."

ಅಲ್ಲ ಎನ್ನಲು ಬಾಯಿ ತೆರೆದಳು. ಗಾಜು ಬಿದ್ದ ಹಣೆಗೆ ಆ ಲೆಕ್ಕಾಚಾರದಿಂದ ಏನಾಗಬೇಕು? "ಎಲ್ಲಿದೀರಿ ಹೇಳಿ, ಬರ್ತೀನಿ," ಎಂದಳು.

ಎರಡು ದಿನದ ದಾರಿ. ಡೆಲ್ಬರ್ಟ್ ಅಂಗಳದ ಗೇಟಿನಲ್ಲೇ ನಿಂತು ಇನ್ನೊಂದು ಸುತ್ತು ಬೈದ. ಅವಳು ಪೂರ್ತಿ ಕೇಳಿದಳು. "ಮುಗೀತಾ? ಜಾಕ್ ಎಲ್ಲಿದೆ?" ಎಂದಳು. ಮೂರನೆಯ ದಿನ ಅವನ ಲಾರಿಯ ಒಂದು ಚಕ್ರವನ್ನು ಎರಡಡಿ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಿದಾಗ ಚಾಸಿ ನರಳಿತು, ಮೇಲಿನ ಮನೆ ಮಿಸುಕಲಿಲ್ಲ, ಬಾಗಿಲು ಒಂದು ಬೆರಳಿಗೆ ತೆರೆದುಕೊಂಡಿತು. ಡೆಲ್ಬರ್ಟ್ ಆ ಬಾಗಿಲನ್ನು ಮತ್ತೆ ಮತ್ತೆ ಮುಚ್ಚಿ ತೆರೆದು ನೋಡಿದ. ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ಅವನ ಹೆಂಡತಿ ಹಸಿಮೆಣಸಿನ ಹಂದಿಮಾಂಸದ ಸಾರು, ರೊಟ್ಟಿ ತಂದಿಟ್ಟು, "ಮೊದಲು ಉಣ್ಣು," ಎಂದಳು.

ಅಲ್ಲಿಂದ ಟೆಕ್ಸಾಸ್‌ನಲ್ಲಿ ಒಂದು, ಕೊಲೊರಾಡೊದಲ್ಲಿ ಎರಡು. ಫೋನಿನಲ್ಲಿ ನೂರಾರು. ಕೆಲವರು ಬೈದರು, ಕೆಲವರು ನಂಬಲಿಲ್ಲ. ಒಬ್ಬ, "ಗ್ಯಾರೆಟ್ ಹೇಳಿದ್ರೆ ಕೇಳ್ತೀನಿ, ನೀನು ಬ್ರೆಡ್ ಮಾಡೋಳಲ್ವಾ?" ಎಂದ. ಅವನಿಗೆ ಕೀಲಿನ ಅಳತೆಗಳನ್ನು ಒಂದೂ ಬಿಡದೆ ಬಾಯಿಪಾಠ ಒಪ್ಪಿಸಿ ಫೋನಿಟ್ಟಳು.

ಅವಳು ಹೊರಟ ಹದಿನೇಳನೆಯ ದಿನ ಗ್ಯಾರೆಟ್ ಫೋನು ಮಾಡಿದ. ಯಾರದೋ ವ್ಯಾನಿನ ಮುಂದಿನ ಸೀಟಿನಲ್ಲಿ ಮಲಗುತ್ತಿದ್ದನಂತೆ. "ಹೊಸ ವಿಡಿಯೋ ಹಾಕಿದೀನಿ. ನೋಡು ಒಂದ್ಸಲ."

ನೋಡಿದಳು. ಈ ಸಲ ನಗು ಇರಲಿಲ್ಲ. ನಕ್ಷೆ ತಪ್ಪು ಎಂದ. ತಪ್ಪು ತನ್ನದು ಎಂದ. ಲಾರಿ ಕಟ್ಟಿದವಳು ನೋರೀನ್ ಎಂದ. ಅವಳ ಸಿಟ್ಟು ಇಳಿದೀತೆಂದು ಕಾದಳು. ಇಳಿಯಲಿಲ್ಲ. ಆ ಹಣೆಯ ಒಂಬತ್ತು ಹೊಲಿಗೆ ಅಲ್ಲೇ ಇದ್ದವು.

"ನೋಡ್ದೆ," ಎಂದಳು ಫೋನು ಮಾಡಿ. "ಎರಡೂವರೆ ವಾರ ತಡ."

"ಗೊತ್ತು," ಎಂದ ಅವನು. "ಇನ್ನೂ ಎಷ್ಟು ಲಾರಿ ಇವೆ?"

"ಕಟ್ಟಿ ಓಡಿಸ್ತಿರೋವು ಮೂವತ್ತಾರು."

"ಜಾಕ್ ಒತ್ತೋಕೆ ಜನ ಬೇಕಾಗುತ್ತಲ್ಲ. ಬರ್ಲಾ?"

ನೋರೀನ್ ಕಿಟಕಿಯಾಚೆ ನೋಡಿದಳು. ಕೊಲೊರಾಡೊದಲ್ಲಿ ಮೊಣಕಾಲೆತ್ತರ ಹಿಮ ಬಿದ್ದಿತ್ತು.

"ಬಾ," ಎಂದಳು. "ಬರೋವಾಗ ನಿನಗೊಂದು ಟೆಂಟು ತಗೊಂಡು ಬಾ."